ನಳಿಗೆಯ ಬೆಲೆ



ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ಎಂದೊಡನೆ ನಮ್ಮಲ್ಲಿ ಹಲವರಿಗೆ ವೈದ್ಯರೂ ಕಥೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರು ನೆನಪಾಗುತ್ತಾರೆ. ಬಂದೂಕು ಯಾರಿಗೂ ನೆನಪಾಗುವುದಿಲ್ಲ. ಕಬ್ಬು, ಭತ್ತ, ರಾಗಿಯ ಸೀಮೆಯಲ್ಲಿ ಬಂದೂಕಿಗೇನು ಕೆಲಸ ಎಂದು ನೀವು ಕೇಳಬಹುದು. ಆ ಪ್ರಶ್ನೆಯಿಂದಲೇ ಇಂದಿನ ಮಾತನ್ನು ಪ್ರಾರಂಭಿಸೋಣ.

ಬೆಸಗರಹಳ್ಳಿಯಂಥ ಊರಿನಿಂದ ದಿನವೂ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರುತ್ತಾಳೆ. ಶಿಬಿರದಲ್ಲಿ ಮೊದಲ ಸಲ 'ಪಾಯಿಂಟ್ ಟೂ-ಟೂ' ರೈಫಲ್ ಅವಳ ಕೈಗೆ ಬರುತ್ತದೆ. ನೆಲದ ಮೇಲೆ ಮಲಗಿ, ಉಸಿರು ಬಿಗಿಹಿಡಿದು ಐದು ಗುಂಡು ಹೊಡೆಯುತ್ತಾಳೆ. ಐದೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದಿವೆ. "ಕೈ ಚೆನ್ನಾಗಿದೆಯಮ್ಮ, ಇದನ್ನು ಬಿಡಬೇಡ" ಎನ್ನುತ್ತಾರೆ ಹವಾಲ್ದಾರರು. ಹುಡುಗಿ ಸಹಜವಾಗಿಯೇ ಕೇಳುತ್ತಾಳೆ: "ಸಾರ್, ನಾನೇ ಒಂದು ರೈಫಲ್ ತಗೊಂಡ್ರೆ ಎಷ್ಟಾಗುತ್ತೆ?" ಹವಾಲ್ದಾರರು ನಕ್ಕು ಸುಮ್ಮನಾಗುತ್ತಾರೆ.

ಆ ನಗುವಿನ ಹಿಂದೆ ದೊಡ್ಡ ಇತಿಹಾಸವೇ ಅಡಗಿದೆ. ಸ್ಪರ್ಧೆಗೆಂದೇ ಹೇಳಿ ಮಾಡಿಸುವ ಇಂಥ ಒಂದು ಸಣ್ಣ ರೈಫಲ್ಲಿಗೆ ಅಮೆರಿಕದಲ್ಲಿ ಮೂರು ನಾಲ್ಕು ಸಾವಿರ ಡಾಲರುಗಳಿಂದ ಬೆಲೆ ಆರಂಭವಾಗುತ್ತದೆ. ನಮ್ಮ ಹಣದಲ್ಲಿ ಅದು ಎರಡೂವರೆ ಮೂರು ಲಕ್ಷ ರೂಪಾಯಿಗೂ ಮೇಲಾಯಿತು. ದುರ್ಬೀನು, ಸಾಗಣೆ, ಸುಂಕ ಇವೆಲ್ಲ ಬೇರೆ. ಕಿರುಬೆರಳ ತುದಿಗಿಂತ ಸಣ್ಣ ಗುಂಡು ಹೊಡೆಯುವ ಆಯುಧಕ್ಕೆ ಇಷ್ಟೊಂದು ಬೆಲೆಯೇಕೆ? ಉತ್ತರ ಒಂದೇ ಪದದಲ್ಲಿದೆ: ನಳಿಗೆ.

ಅಂಚಿನಲ್ಲಿ ಸಿಡಿಯುವ ತೋಟಾ

ಮೊದಲು ಈ ರೈಫಲ್ಲಿನ ತೋಟಾವನ್ನು ಅರ್ಥಮಾಡಿಕೊಳ್ಳೋಣ. ದೊಡ್ಡ ಬಂದೂಕುಗಳ ತೋಟಾದಲ್ಲಿ ಸಿಡಿಮದ್ದಿನ ಬಟ್ಟಲು ತಳದ ನಡುವೆ ಇರುತ್ತದೆ. ಪಾಯಿಂಟ್ ಟೂ-ಟೂ ತೋಟಾದಲ್ಲಿ ಹಾಗಿಲ್ಲ. ಹಿತ್ತಾಳೆಯ ಪುಟ್ಟ ಕೊಳವೆಯ ತಳದಲ್ಲಿ ಮಡಚಿದ ಅಂಚೊಂದಿದ್ದು, ಸಿಡಿಮದ್ದು ಆ ಅಂಚಿನೊಳಗೇ ಸುತ್ತಲೂ ಹರಡಿಕೊಂಡಿರುತ್ತದೆ. ರೈಫಲ್ಲಿನ ಮೊಳೆ ಅಂಚಿಗೆ ಬಡಿದರೆ ಸಾಕು, ತೋಟಾ ಸಿಡಿಯುತ್ತದೆ. ಆದ್ದರಿಂದಲೇ ಇದಕ್ಕೆ 'ರಿಮ್‌ಫೈರ್' ಎಂದು ಹೆಸರು.

ಫ್ರಾನ್ಸಿನ ಫ್ಲೋಬೇರ್ ಎಂಬಾತ 1845ರ ಸುಮಾರಿಗೆ ಮನೆಯೊಳಗೆ ಗುರಿ ಆಟ ಆಡಲೆಂದು ಇಂಥ ತೋಟಾವನ್ನು ರೂಪಿಸಿದ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1857ರಲ್ಲಿ ಇದನ್ನು ತನ್ನ ರಿವಾಲ್ವರಿಗೆ ಅಳವಡಿಸಿತು. ಇಂದು ಜಗತ್ತೆಲ್ಲ ಬಳಸುವ 'ಲಾಂಗ್ ರೈಫಲ್' ಎಂಬ ರೂಪ ಬಂದದ್ದು 1887ರಲ್ಲಿ. ಸೀಸದ ಗುಂಡಿನ ತೂಕ 40 ಗ್ರೇನು, ಅಂದರೆ ಎರಡೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಸ್ಪರ್ಧೆಯ ತೋಟಾಗಳಲ್ಲಿ ಗುಂಡಿನ ವೇಗವನ್ನು ಶಬ್ದದ ವೇಗಕ್ಕಿಂತ ತುಸು ಕಡಿಮೆಯೇ ಇಟ್ಟಿರುತ್ತಾರೆ. ಶಬ್ದದ ವೇಗವನ್ನು ದಾಟಿ ಮತ್ತೆ ಇಳಿಯುವಾಗ ಗುಂಡು ಅಲುಗುತ್ತದೆ ಎಂಬುದೇ ಇದಕ್ಕೆ ಕಾರಣ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದೊಡ್ಡ ರೈಫಲ್ಲಿನ ಸ್ಪರ್ಧಿ ತನ್ನ ತೋಟಾವನ್ನು ತಾನೇ ತುಂಬಿಕೊಳ್ಳಬಲ್ಲ. ಮದ್ದನ್ನು ತೂಗಿ, ಗುಂಡನ್ನು ಆರಿಸಿ, ತನ್ನ ನಳಿಗೆಗೆ ಹೊಂದುವಂತೆ ಮಾಡಿಕೊಳ್ಳಬಲ್ಲ. ಅಂಚಿನ ತೋಟಾವನ್ನು ಹಾಗೆ ಮನೆಯಲ್ಲಿ ತುಂಬಲಾಗದು. ಕಾರ್ಖಾನೆಯಿಂದ ಬಂದಂತೆಯೇ ಬಳಸಬೇಕು. ಒಂದೇ ಹೆಸರಿನ ತೋಟಾವಾದರೂ ಒಂದು ಕಂತಿನಲ್ಲಿ ಬಂದದ್ದು ಚೆನ್ನಾಗಿ ಹೊಡೆದರೆ ಇನ್ನೊಂದು ಕಂತಿನದು ಹೊಡೆಯದಿರಬಹುದು. ಸ್ಪರ್ಧಿಗಳು ಹಲವು ಕಂತುಗಳನ್ನು ಹೊಡೆದು ನೋಡಿ, ತಮ್ಮ ನಳಿಗೆಗೆ ಒಗ್ಗಿದ್ದನ್ನು ಪೆಟ್ಟಿಗೆಗಟ್ಟಲೆ ಕೊಂಡಿಡುತ್ತಾರೆ. ಉಳಿದಂತೆ ಅವರ ಕೈಯಲ್ಲಿರುವುದು ನಳಿಗೆಯೊಂದೇ.

ಮೇಜಿನ ಮೇಲಿನ ಪರೀಕ್ಷೆ

ರೈಫಲ್ಲನ್ನು ಭುಜಕ್ಕೊತ್ತಿ ನಿಂತು ಹೊಡೆಯುವ ಸ್ಪರ್ಧೆಯನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಅಲ್ಲಿ ಪರೀಕ್ಷೆ ಆಗುವುದು ಮನುಷ್ಯನ ನರಗಳ ಸ್ಥೈರ್ಯ. 'ಬೆಂಚ್‌ರೆಸ್ಟ್' ಎಂಬ ಸ್ಪರ್ಧೆ ಬೇರೆ ಬಗೆಯದು. ಗಟ್ಟಿಯಾದ ಮೇಜು, ಅದರ ಮೇಲೆ ರೈಫಲ್ಲಿನ ಮುಂಭಾಗಕ್ಕೊಂದು ಆಸರೆ, ಹಿಂಭಾಗಕ್ಕೊಂದು ಮರಳಿನ ಚೀಲ. ಹೊಡೆಯುವವನು ಕುರ್ಚಿಯಲ್ಲಿ ಕುಳಿತು ಬೆರಳಿನಿಂದ ಕುದುರೆಯನ್ನು ಒತ್ತುತ್ತಾನೆ, ಅಷ್ಟೆ. ಐವತ್ತು ಗಜ ಅಥವಾ ಐವತ್ತು ಮೀಟರು ದೂರದ ಕಾಗದದಲ್ಲಿ 25 ಪುಟ್ಟ ವೃತ್ತಗಳಿರುತ್ತವೆ. ಒಂದೊಂದಕ್ಕೂ ಒಂದೇ ಗುಂಡು.

ಕೈ ನಡುಗುವ ನೆಪ ಇಲ್ಲಿ ನಡೆಯುವುದಿಲ್ಲ. ಗುಂಡು ಪಕ್ಕಕ್ಕೆ ಹೋದರೆ ತಪ್ಪು ಮೂರರಲ್ಲಿ ಒಂದರದು: ಗಾಳಿಯದು, ತೋಟಾದ್ದು, ಇಲ್ಲವೇ ನಳಿಗೆಯದು. ಗಾಳಿಯನ್ನು ಓದಲು ದಾರಿಯುದ್ದಕ್ಕೂ ಪುಟ್ಟ ಬಾವುಟಗಳನ್ನು ನೆಡುತ್ತಾರೆ. ತೋಟಾವನ್ನು ಆರಿಸಿ ತಂದಿರುತ್ತಾರೆ. ನಳಿಗೆಯ ತಪ್ಪಿಗೆ ಮಾತ್ರ ಆ ಹೊತ್ತಿನಲ್ಲಿ ಮದ್ದಿಲ್ಲ.

ಒಳ್ಳೆಯ ನಳಿಗೆ ಎಂದರೆ ಏನು? ಉದ್ದ ಉಕ್ಕಿನ ಸರಳಿನಲ್ಲಿ ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ಡೊಂಕಿಲ್ಲದ ರಂಧ್ರ ಕೊರೆಯಬೇಕು. ಆಮೇಲೆ ಅದರ ಒಳಗೋಡೆಗೆ ಸುರುಳಿಯಾಕಾರದ ಗೀರುಗಳನ್ನು ಹಾಕಬೇಕು. ಪಾಯಿಂಟ್ ಟೂ-ಟೂ ನಳಿಗೆಯಲ್ಲಿ ಸಾಮಾನ್ಯವಾಗಿ ಹದಿನಾರು ಅಂಗುಲಕ್ಕೆ ಒಂದು ಸುತ್ತು ಬರುವಂತೆ ಗೀರು ಇರುತ್ತದೆ. ಆ ಲೆಕ್ಕದಲ್ಲಿ ಹೊರಬೀಳುವ ಗುಂಡು ಸೆಕೆಂಡಿಗೆ ಸುಮಾರು 800 ಸುತ್ತು ತಿರುಗುತ್ತದೆ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡು ದಾರಿ ತಪ್ಪದೆ ಹೋಗುತ್ತದೆ. ಗೀರು ಹಾಕಿದ ಮೇಲೆ ಸೀಸದ ತುಂಡಿಗೆ ಉಜ್ಜುಪುಡಿ ಬಳಿದು ನಳಿಗೆಯೊಳಗೆ ಹಿಂದಕ್ಕೂ ಮುಂದಕ್ಕೂ ಎಳೆದು ನುಣುಪು ಮಾಡುತ್ತಾರೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಅಳತೆಯ ಯಂತ್ರಕ್ಕಿಂತ ಮೊದಲು ಕೈಯೇ ಹೇಳುತ್ತದೆ. ಬಾಯಿಯ ಕಡೆಗೆ ರಂಧ್ರ ಎಳ್ಳಷ್ಟು ಬಿಗಿಯಾಗುತ್ತ ಹೋಗಬೇಕು, ಸಡಿಲವಾಗಕೂಡದು. ಕೊನೆಗೆ ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇರಬೇಕು. ಅಲ್ಲೊಂದು ಸಣ್ಣ ಮುಕ್ಕಿದ್ದರೂ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ.

ಅಮೆರಿಕದ ಹ್ಯಾರಿ ಪೋಪ್ ಎಂಬ ನಳಿಗೆಗಾರ (1861–1950) ಈ ವಿದ್ಯೆಯಲ್ಲಿ ಹೆಸರಾಂತವನು. ಆತ ಕೈಯಿಂದಲೇ ಗೀರು ಹಾಕುತ್ತಿದ್ದ. ಗಿರಾಕಿಗಳು ವರ್ಷಗಟ್ಟಲೆ ಕಾಯುತ್ತಿದ್ದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದ ಹೊಸದರಲ್ಲೇ ಅಲ್ಲಿನ ಮಹಾಭೂಕಂಪದಲ್ಲಿ ಎಲ್ಲವನ್ನೂ ಕಳೆದುಕೊಂಡು, ಮತ್ತೆ ಮೊದಲಿನಿಂದ ಆರಂಭಿಸಿದ. ಇಂದು ಯಂತ್ರಗಳು ಬಂದಿವೆ. ಆದರೂ ಕೊನೆಯ ನುಣುಪು, ಕೊನೆಯ ತಪಾಸಣೆ ಕೈಯದೇ. ಒಂದು ನಳಿಗೆಗೆ ನೂರಾರು ಡಾಲರು ಕೊಡುವವರು ಉಕ್ಕಿಗೆ ಕೊಡುವುದಲ್ಲ, ಆ ಕೈಗೆ ಕೊಡುತ್ತಾರೆ.

ಪಟ್ಟಣದ ಕುಲುಮೆಗಳು

ಇದೆಲ್ಲ ಹೊರದೇಶದ ಮಾತಾಯಿತು, ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವಿರಾ? ಬೆಸಗರಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮದ್ದೂರು, ಮಂಡ್ಯ ದಾಟಿ ಮಧ್ಯಾಹ್ನದೊಳಗೆ ನೋಡಿಬರಬಹುದಾದ ಶ್ರೀರಂಗಪಟ್ಟಣಕ್ಕೆ ಬನ್ನಿ. ನಮ್ಮ ಜನ ಇಂದಿಗೂ ಅದನ್ನು ಬರಿದೆ 'ಪಟ್ಣ' ಎನ್ನುತ್ತಾರೆ. ಇನ್ನೂರು ವರ್ಷಗಳ ಹಿಂದೆ ಅಲ್ಲಿ ತಯಾರಾದ ಬಂದೂಕುಗಳ ಮೇಲೂ ಅದೇ ಹೆಸರು ಪಾರಸಿ ಲಿಪಿಯಲ್ಲಿ ಕೊರೆದಿದೆ.

ದಾರಿಯಲ್ಲಿ ಒಂದು ಮಾತು. ಮದ್ದು ಇಟ್ಟಿದ್ದ ಊರಾದ್ದರಿಂದ ಮದ್ದೂರು ಎಂಬ ಹೆಸರು ಬಂತೆಂದು ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ಅಲ್ಲಿನ ಉಗ್ರನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು. ನಮ್ಮ ನಾಡಿಗೆ ಬಂದೂಕು ಬರುವ ಮೊದಲೇ ಇದ್ದ ಊರಿಗೆ ಬಂದೂಕಿನ ಮದ್ದಿನಿಂದ ಹೆಸರು ಬಂತೆನ್ನುವುದು ಸರಿಹೋಗದು. ಇತಿಹಾಸ ಹೇಳಲು ಹೆಸರಿನ ಆಸರೆ ನಮಗೆ ಬೇಕಿಲ್ಲ, ದಾಖಲೆಗಳೇ ಇವೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಕೋಟೆಯೊಳಗಿದ್ದುದನ್ನೆಲ್ಲ ಪಟ್ಟಿ ಮಾಡಿದರು. ಒಂಬೈನೂರಕ್ಕೂ ಹೆಚ್ಚು ಫಿರಂಗಿ, ಸುಮಾರು ಒಂದು ಲಕ್ಷ ಬಂದೂಕು ಸಿಕ್ಕವು. ಅದಕ್ಕಿಂತ ಮುಖ್ಯವಾದದ್ದು ಪಟ್ಟಿಯ ಇನ್ನೊಂದು ಭಾಗ: ಸಣ್ಣ ಆಯುಧಗಳನ್ನು ತಯಾರಿಸುವ 11 ಶಾಲೆಗಳು, ಫಿರಂಗಿ ಎರಕದ 2 ಕಾರ್ಖಾನೆಗಳು, ಫಿರಂಗಿ ಮತ್ತು ಬಂದೂಕಿನ ನಳಿಗೆ ಕೊರೆಯುವ ಯಂತ್ರಗಳಿದ್ದ 3 ಕಟ್ಟಡಗಳು. ಅಂದರೆ ನಳಿಗೆ ಕೊರೆಯುವ ಯಂತ್ರ ಮಂಡ್ಯ ಜಿಲ್ಲೆಯ ನೆಲದಲ್ಲಿ 18ನೇ ಶತಮಾನದಲ್ಲೇ ತಿರುಗುತ್ತಿತ್ತು. ಶ್ರೀರಂಗಪಟ್ಟಣದಲ್ಲಷ್ಟೇ ಅಲ್ಲ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲೂ ಟಿಪ್ಪುವಿನ 'ತಾರಾಮಂಡಲ' ಕಾರ್ಖಾನೆಗಳಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳ ಕಬ್ಬಿಣದ ಕೊಳವೆಗಳು ಸಿಕ್ಕಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ಅಂದಿನ ಒಳ್ಳೆಯ ನಳಿಗೆಯನ್ನು ಹೇಗೆ ಮಾಡುತ್ತಿದ್ದರು? ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಿಗಿಯುವುದನ್ನು ಹಳ್ಳಿಯವರೆಲ್ಲ ಕಂಡಿದ್ದಾರೆ. ಹಾಗೆಯೇ ಕೆಂಪಗೆ ಕಾದ ಪಟ್ಟಿಯನ್ನು ಸರಳೊಂದರ ಸುತ್ತ ಬಳ್ಳಿ ಹಬ್ಬಿದಂತೆ ಓರೆಯಾಗಿ ಸುತ್ತಿ, ಸುತ್ತಿನಿಂದ ಸುತ್ತಿಗೆ ಬಡಿದು ಬೆಸೆಯುತ್ತಿದ್ದರು. ಕಬ್ಬಿಣದ ನಾರು ನಳಿಗೆಯನ್ನು ಅಡ್ಡಡ್ಡ ಸುತ್ತಿರುವುದರಿಂದ ಮದ್ದಿನ ಒತ್ತಡಕ್ಕೆ ಅದು ಉದ್ದುದ್ದ ಸೀಳುವುದಿಲ್ಲ. ಆಮೇಲೆ ಸರಳು ತೆಗೆದು ಒಳಗೆ ಕೊರೆದು, ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಿ ಡೊಂಕು ತಿದ್ದುತ್ತಿದ್ದರು. ಒಂದು ಬೆಸುಗೆ ಸರಿಯಾಗದಿದ್ದರೆ ಹೊಡೆದವನ ಮುಖಕ್ಕೇ ನಳಿಗೆ ಒಡೆಯುತ್ತಿತ್ತು.

ಟಿಪ್ಪು ಈ ವಿದ್ಯೆಗೆ ಹೊರಗಿನ ನೆರವನ್ನೂ ಬಯಸಿದ್ದ. ಅವನ ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡು ಸೈನ್ಯದ ಸಹಾಯದ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಬರಲಿಲ್ಲ, ಕೆಲವು ಕುಶಲಕರ್ಮಿಗಳು ಬಂದರು. ಆದರೆ ಉಳಿದು ಬಂದಿರುವ ಅರಸು ಬಂದೂಕುಗಳ ಮೇಲೆ ಕೊರೆದಿರುವ ಹೆಸರುಗಳು ಸಯ್ಯದ್ ಮಾಸೂಮ್, ಅಸದ್ ಖಾನ್ ಮುಹಮ್ಮದ್ ಮುಂತಾದ ಪಟ್ಟಣದ ಕೆಲಸಗಾರರವು. ಹುಲಿಪಟ್ಟೆಯ ಗುರುತಿನ ಜೊತೆಗೆ ಮಾಡಿದವನ ಹೆಸರು, ಊರು, ವರ್ಷ ಎಲ್ಲವೂ ಇವೆ. ಕೆಲಸಗಾರನ ಹೆಸರು ಉಳಿಯುವುದೇ ಅಪರೂಪವಾದ ನಮ್ಮ ನಾಡಿನಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ಲೋಹವೂ ಇಲ್ಲಿಯದೇ. 1800ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೇಲೆ ಶ್ರೀರಂಗಪಟ್ಟಣಕ್ಕೆ ಪಯಣಿಸಿದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ, ಅದು ದೂರದ ಸೀಮೆಗಳಿಗೆ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಮೂಸೆಯ ಉಕ್ಕು ಎಷ್ಟು ಹೆಸರಾಗಿತ್ತೆಂದರೆ, ಅದರ ಗುಟ್ಟು ತಿಳಿಯಲು ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆಯೇ 1820ರ ಆಸುಪಾಸಿನಲ್ಲಿ ಪ್ರಯೋಗಗಳನ್ನು ನಡೆಸಿದ.

ಹೋದದ್ದೇನು, ಉಳಿದದ್ದೇನು

ಬುಕಾನನ್ ಬಂದಾಗ ಪಟ್ಟಣ ಬಡವಾಗಿತ್ತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅವನು ಅಂದಾಜು ಮಾಡಿದ ಊರಿನಲ್ಲಿ ಆಗ ಉಳಿದಿದ್ದವರು ಸುಮಾರು 32,000. ರಾಜಧಾನಿ ಮೈಸೂರಿಗೆ ಹೋಗಿತ್ತು. ಬಂದೂಕು ಬೇಕೆನ್ನುವ ದೊರೆ ಇರಲಿಲ್ಲ. ಕಂಪನಿಯವರು ಪಟ್ಟಣದಲ್ಲಿ ಫಿರಂಗಿಯ ಗಾಡಿಗಳನ್ನು ಮಾಡುವ ಕಾರ್ಖಾನೆಯನ್ನು ಕೆಲಕಾಲ ನಡೆಸಿದರು. ಗಾಡಿಯ ಕೆಲಸ ಉಳಿಯಿತು, ನಳಿಗೆಯ ಕೆಲಸ ಹೋಯಿತು. ಬಡಗಿಗೆ ಅನ್ನ ಸಿಕ್ಕಿತು, ನಳಿಗೆ ಕೊರೆಯುವವನಿಗೆ ಸಿಗಲಿಲ್ಲ.

ಮುಂದೆ ಕಾನೂನಿನ ಕಾಲ ಬಂತು. ಬ್ರಿಟಿಷ್ ಭಾರತದಲ್ಲಿ 1878ರ ಶಸ್ತ್ರ ಕಾಯಿದೆ, ಸ್ವಾತಂತ್ರ್ಯಾನಂತರ 1959ರ ಶಸ್ತ್ರ ಕಾಯಿದೆ. ಬಂದೂಕು ಇಟ್ಟುಕೊಳ್ಳಲಷ್ಟೇ ಅಲ್ಲ, ತಯಾರಿಸಲು, ದುರಸ್ತಿ ಮಾಡಲು, ಮಾರಲು ಸಹ ಲೈಸೆನ್ಸು ಬೇಕು. ಸಮಾಜದ ಶಾಂತಿಗೆ ಇದು ಅಗತ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಮನೆಯಲ್ಲಿ ತಂದೆ ಮಗನಿಗೆ ಕಲಿಸುವ ಕಸುಬಾಗಿ ಅದು ಉಳಿಯುವ ದಾರಿ ಮುಚ್ಚಿತೆಂಬುದೂ ಅಷ್ಟೇ ನಿಜ.

ಕರ್ನಾಟಕದಲ್ಲಿ ಬಂದೂಕು ಮನೆತನದ ವಸ್ತುವಾಗಿ ಉಳಿದಿರುವುದು ಕೊಡಗಿನಲ್ಲಿ. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಅಲ್ಲಿ ಗುರಿಯ ವಿದ್ಯೆ ಉಳಿದಿದೆ. ನಳಿಗೆ ಕೊರೆಯುವ ವಿದ್ಯೆ ಮಾತ್ರ ಬೇರೆ.

ಪಟ್ಟಣದ ಬಂದೂಕುಗಳಿಗೆ ಇಂದು ಬೆಲೆ ಬಂದಿದೆ, ಆದರೆ ಲಂಡನ್ನಿನಲ್ಲಿ. 2015ರ ಏಪ್ರಿಲ್‌ನಲ್ಲಿ ಅಲ್ಲಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕಾಲದ ಆಯುಧಗಳು ಒಟ್ಟು 60 ಲಕ್ಷ ಪೌಂಡಿಗೂ ಮೇಲೆ ಮಾರಾಟವಾದವು. ಅದರಲ್ಲಿ ಬೇಟೆಯ ಬಂದೂಕೊಂದಕ್ಕೇ 7 ಲಕ್ಷ ಪೌಂಡಿಗೂ ಹೆಚ್ಚು ಬಂತು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ, ಬೆಳ್ಳಿಯ ಅಲಂಕಾರವಿದ್ದ ಪಟ್ಟಣದ ಬಂದೂಕೊಂದು 60,000 ಪೌಂಡಿಗೆ ಹೋಯಿತು. ಮಾಡಿದವರ ಕುಲುಮೆ ಆರಿ ಇನ್ನೂರು ವರ್ಷವಾದ ಮೇಲೆ ಬಂದ ಬೆಲೆ ಇದು.

ಹುಡುಗಿಯ ಪ್ರಶ್ನೆಗೆ ಮರಳಿ

ಈಗ ನಮ್ಮ ಎನ್.ಸಿ.ಸಿ. ಹುಡುಗಿಯ ಬಳಿಗೆ ಮರಳೋಣ. ಅವಳ ಕನಸು ಅಸಾಧ್ಯವಾದದ್ದಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸಿನಲ್ಲಿ 50 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಇಳಿದಿದ್ದರು. ನಮ್ಮ ಬೆಳಗಾವಿಗೆ ಅಂಟಿಕೊಂಡ ಕೊಲ್ಲಾಪುರ ಜಿಲ್ಲೆಯ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಈ ಎರಡೂ ಸ್ಪರ್ಧೆಗಳ ತೋಟಾ ಅದೇ ಪಾಯಿಂಟ್ ಟೂ-ಟೂ. 50 ಮೀಟರ್ ರೈಫಲ್ ಗುರಿಯ ಹತ್ತಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರು ಮಾತ್ರ. ಕೈ ಎಷ್ಟೇ ಗಟ್ಟಿಯಿದ್ದರೂ ನಳಿಗೆ ಒಪ್ಪದಿದ್ದರೆ ಗುಂಡು ಅಲ್ಲಿ ಬೀಳದು.

ನಮ್ಮಲ್ಲಿ ಉಕ್ಕಿಗಾಗಲಿ ಯಂತ್ರಕ್ಕಾಗಲಿ ಕೊರತೆ ಇರಲಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಬೆಂಗಳೂರಿನಲ್ಲಿ 1953ರಲ್ಲಿ ಎಚ್.ಎಂ.ಟಿ. ಹುಟ್ಟಿ ಯಂತ್ರ ಮಾಡುವ ಯಂತ್ರಗಳನ್ನೇ ತಯಾರಿಸಿತು. ಇತ್ತೀಚೆಗೆ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದು ಸೈನಿಕರಿಗೆಂದು ದೂರಗುರಿಯ ರೈಫಲ್ಲುಗಳನ್ನು ತಯಾರಿಸಿ ಹೊರದೇಶಕ್ಕೂ ಮಾರಿದೆ. ಸಾವಿರ ಮೀಟರು ದಾಟುವ ನಳಿಗೆಯನ್ನು ರೂಪಿಸಬಲ್ಲ ನಾಡಿಗೆ ಐವತ್ತು ಮೀಟರಿನ ಸ್ಪರ್ಧೆಯ ನಳಿಗೆ ಎಟುಕದ್ದಲ್ಲ. ಬೇಕಾದದ್ದು ಅದನ್ನು ಕೇಳುವ ಗಿರಾಕಿ ಮತ್ತು ಕಾಯುವ ತಾಳ್ಮೆ. ಪಟ್ಟಣದ ಕುಲುಮೆ ಆರಿದ್ದೂ ಗಿರಾಕಿ ಇಲ್ಲದೆಯೇ ಎಂಬುದನ್ನು ಮರೆಯಬಾರದು.

ಅಲ್ಲಿಯವರೆಗೆ? ನಮ್ಮ ಸೀಮೆಯ ಆಲೆಮನೆಯನ್ನು ನೆನೆಯಿರಿ. ಕಬ್ಬು ಬೆಳೆಯುವ ಪ್ರತಿಯೊಬ್ಬ ರೈತನೂ ಗಾಣ, ಕೊಪ್ಪರಿಗೆ ಇಟ್ಟುಕೊಳ್ಳುವುದಿಲ್ಲ. ಊರಿಗೊಂದೋ ಎರಡೋ ಆಲೆಮನೆ. ಸರದಿಯ ಪ್ರಕಾರ ಎಲ್ಲರ ಕಬ್ಬೂ ಅರೆಯುತ್ತದೆ, ಎಲ್ಲರ ಬೆಲ್ಲವೂ ಅಚ್ಚಿಗಿಳಿಯುತ್ತದೆ. ಒಳ್ಳೆಯ ನಳಿಗೆಯ ನಾಲ್ಕು ರೈಫಲ್ಲುಗಳನ್ನು ಜಿಲ್ಲೆಗೊಂದು ಗುರಿ ಮೈದಾನದಲ್ಲಿ, ಕಾನೂನಿನ ಕಾವಲಿನಲ್ಲಿ, ಸರದಿಯ ಮೇಲೆ ಕೊಡುವ ಏರ್ಪಾಡಾದರೆ ಹವಾಲ್ದಾರರು ನಕ್ಕು ಸುಮ್ಮನಾಗಬೇಕಿಲ್ಲ. "ನೀನು ಕೊಳ್ಳಬೇಕಾಗಿಲ್ಲಮ್ಮ, ನಾಳೆ ಬೆಳಿಗ್ಗೆ ನಿನ್ನ ಸರದಿ" ಎಂದು ಹೇಳಬಹುದು.